ಬೋನಿಗೆ ಸಹಿ ಹಾಕುವ ಮುನ್ನ

ಕಳೆದ ಒಂದು ತಿಂಗಳಿನಲ್ಲಿ ನಮ್ಮ ಊರಿನಿಂದ ಚಿರತೆಯು ಎರಡು ಕರುಗಳನ್ನೂ ಮೂರು ನಾಯಿಗಳನ್ನೂ ಒಯ್ದಿದೆ. ಮೂರನೆಯ ನಾಯಿ ಕಾಣೆಯಾದ ಮರುದಿನವೇ ಮನವಿಪತ್ರವೊಂದು ಸಿದ್ಧವಾಯಿತು. ಅದು ಮನೆಯಿಂದ ಮನೆಗೆ ಸಂಚರಿಸಿ, ಅರವತ್ತಕ್ಕೂ ಮಿಕ್ಕಿದ ಸಹಿಗಳನ್ನು ಹೊತ್ತು, ಈಗ ನಮ್ಮ ಪತ್ರಿಕೆಯ ಮೇಜಿನ ಮೇಲೆ ಬಂದು ಕುಳಿತಿದೆ. ಚಿರತೆಯನ್ನು ಕೂಡಲೇ ಬೋನಿಟ್ಟು ಹಿಡಿದು ದೂರದ ಅಭಯಾರಣ್ಯಕ್ಕೆ ಸಾಗಿಸಬೇಕೆಂಬುದು ಅದರ ಒಕ್ಕಣೆ. ಪರಿಸರದ ಹೆಸರು ಹೇಳಿಕೊಳ್ಳುವ ನಮ್ಮ ಬಳಗವೂ ಸಹಿ ಹಾಕಿದರೆ ಇಲಾಖೆಯವರು ಬೇಗ ಕದಲುತ್ತಾರೆಂಬುದು ಊರವರ ಎಣಿಕೆ. ಸಹಿ ಹಾಕಿದವರಲ್ಲಿ ಅನೇಕರು ಹಿಂದೆ ನಮ್ಮ ಎಲ್ಲ ಪಾದಯಾತ್ರೆಗಳಲ್ಲಿಯೂ ಜೊತೆಯಲ್ಲಿ ನಡೆದವರು. ಅವರಿಗೆ ಕಾಡಿನ ಮೇಲಾಗಲಿ ಕಾಡುಪ್ರಾಣಿಯ ಮೇಲಾಗಲಿ ದ್ವೇಷವಿಲ್ಲ. ಸಂಜೆಯ ನಂತರ ಮನೆಯ ಅಂಗಳಕ್ಕೆ ಇಳಿಯಲು ಭಯ, ಅಷ್ಟೆ. ಆ ಭಯವನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ.

ಆದರೂ ಈ ಪತ್ರಕ್ಕೆ ನಾವು ಸಹಿ ಹಾಕುತ್ತಿಲ್ಲ. ಏಕೆಂದರೆ ಇಂಥದೇ ಪತ್ರವೊಂದನ್ನು 2012ರ ಚಳಿಗಾಲದಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದೆ.

ಆ ವರ್ಷ ನಮ್ಮ ಮನೆಯ ಕೊಟ್ಟಿಗೆಯಿಂದಲೇ ಕರುವೊಂದು ಹೋಯಿತು. ಊರಿನಲ್ಲಿ ನಾಲ್ಕಕ್ಷರ ಹೆಚ್ಚು ಕಲಿತವನೆಂಬ ಕಾರಣಕ್ಕೆ ಮನವಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿತು. ಸಸ್ಯರೋಗಗಳ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದ ನನಗೆ ಅಂದು ಚಿರತೆಯ ಬಗ್ಗೆ ಗೊತ್ತಿದ್ದುದು ಎಲ್ಲರಿಗೂ ಗೊತ್ತಿರುವಷ್ಟೇ. ಬೋನು ಬಂದಿತು, ಒಳಗೆ ನಾಯಿಯನ್ನು ಕಟ್ಟಲಾಯಿತು, ಒಂಬತ್ತನೆಯ ರಾತ್ರಿ ಚಿರತೆ ಬಿದ್ದಿತು. ಬೆಳಗಾಗುವಷ್ಟರಲ್ಲಿ ಸುತ್ತಲಿನ ಊರುಗಳ ಜನ ಜಾತ್ರೆಗೆ ಬಂದಂತೆ ಬಂದು ನೆರೆದರು. ಸರಳುಗಳನ್ನು ಕಚ್ಚಿ ಕಚ್ಚಿ ಅದರ ಕೋರೆಹಲ್ಲೊಂದು ಮುರಿದಿತ್ತು, ಹಣೆಯ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು. ಅದು ಹೆಣ್ಣು. ಕೆಚ್ಚಲು ತುಂಬಿದೆಯೆಂದು ಮೊದಲು ಗಮನಿಸಿದವರು ಪಶುವೈದ್ಯರು. ಆದರೆ ಆ ಜನಸಂದಣಿಯಲ್ಲಿ ಅವರ ಮಾತನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಲಾರಿ ಹೊರಟುಹೋಯಿತು. ಆರು ದಿನಗಳ ತರುವಾಯ ಸೊಪ್ಪು ತರಲು ಬೆಟ್ಟಕ್ಕೆ ಹೋದವರಿಗೆ ಬಂಡೆಯ ಸಂದಿನಲ್ಲಿ ಎರಡು ಮರಿಗಳು ಸತ್ತುಬಿದ್ದಿರುವುದು ಕಂಡಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಊರಿಗೆ ಇನ್ನೊಂದು ಚಿರತೆ ಬಂದಿತು. ಹೆಜ್ಜೆಯ ಗಾತ್ರ ನೋಡಿದರೆ ಅದು ಗಂಡು. ಹಳೆಯದು ವರ್ಷಕ್ಕೆ ಒಂದೋ ಎರಡೋ ಪ್ರಾಣಿ ಒಯ್ಯುತ್ತಿದ್ದರೆ, ಇದು ಎರಡೇ ತಿಂಗಳಿನಲ್ಲಿ ಏಳನ್ನು ಒಯ್ದಿತು. ಹಳೆಯ ಹೆಣ್ಣಿಗೆ ನಮ್ಮೂರಿನ ದಾರಿ, ದಣಪೆ, ಜನರ ಓಡಾಟದ ವೇಳೆ ಎಲ್ಲವೂ ಗೊತ್ತಿದ್ದವು. ಹೊಸಬನಿಗೆ ಏನೂ ಗೊತ್ತಿರಲಿಲ್ಲ. ಈ ವ್ಯತ್ಯಾಸವು ಕೇವಲ ಆಕಸ್ಮಿಕವೇ, ಇಲ್ಲವೇ ಇದರ ಹಿಂದೆ ನಿಯಮವೇನಾದರೂ ಉಂಟೇ ಎಂದು ತಿಳಿಯುವ ಸಲುವಾಗಿಯೇ ನಾನು ಚಿರತೆಯ ಕುರಿತು ಓದತೊಡಗಿದ್ದು. ಓದಿ ತಿಳಿದದ್ದನ್ನು ಸಹಿ ಹಾಕಿದ ಅರವತ್ತು ಮಂದಿಯ ಮುಂದೆಯೂ, ನಮ್ಮ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳ ಮುಂದೆಯೂ ಇಡುವುದು ಈಗ ಅಗತ್ಯವೆನಿಸಿದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಹಿರಿಯರಿಗೆ ಚಿರತೆಯೂ ‘ಹುಲಿ’ಯೇ. ಮೈಮೇಲೆ ಪಟ್ಟೆಯುಳ್ಳದ್ದನ್ನು ಹೇಳಬೇಕಾದಾಗ ಮಾತ್ರ ‘ಪಟ್ಟೆಹುಲಿ’ ಅಥವಾ ‘ಹೆಬ್ಬುಲಿ’ ಎನ್ನುತ್ತಿದ್ದರು. ಆದ್ದರಿಂದ ಅಜ್ಜಂದಿರು ಹೇಳುವ ಹುಲಿಯ ಕಥೆಗಳಲ್ಲಿ ಎಷ್ಟೋ ಕಥೆಗಳ ನಾಯಕ ಚಿರತೆಯೇ ಆಗಿದ್ದಿರಬೇಕು. ಇತ್ತೀಚೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಚೀತಾಗಳನ್ನು ತಂದಾಗ, ‘ಚಿರತೆ ನಮ್ಮ ಬೆಟ್ಟದಲ್ಲೇ ಇದೆಯಲ್ಲ ಸರ್, ವಿಮಾನದಲ್ಲಿ ಏಕೆ ತಂದರು?’ ಎಂದು ಹೈಸ್ಕೂಲಿನ ಹುಡುಗನೊಬ್ಬ ನನ್ನನ್ನು ಕೇಳಿದ. ಚೀತಾ ಬೇರೆ, ಚಿರತೆ ಬೇರೆ. ಚೀತಾವು ತೆಳು ಮೈಯ, ಉದ್ದ ಕಾಲುಗಳ ಪ್ರಾಣಿ. ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಹರಿದಂತೆ ಕಪ್ಪು ಗೆರೆ ಇರುತ್ತದೆ. ಮೈಮೇಲೆ ತುಂಬಿದ ಬೊಟ್ಟುಗಳು. ಬಯಲಿನಲ್ಲಿ ಹಗಲಲ್ಲೇ ಅಟ್ಟಿಸಿಕೊಂಡು ಹೋಗಿ ಬೇಟೆ ಹಿಡಿಯುತ್ತದೆ. ಭಾರತದಲ್ಲಿ ಅದು ಅಳಿದುಹೋಗಿದೆಯೆಂದು 1952ರಲ್ಲಿ ಘೋಷಿಸಲಾಗಿತ್ತು. ಚಿರತೆಯಾದರೋ ಗಿಡ್ಡ ಕಾಲು, ದಪ್ಪ ಕತ್ತು, ಬಲಿಷ್ಠ ಭುಜಗಳ ಪ್ರಾಣಿ. ಓಟ ಅದರ ಶಕ್ತಿಯಲ್ಲ, ಅಡಗುವಿಕೆಯೇ ಅದರ ಶಕ್ತಿ.

ಪ್ರಾಣಿಶಾಸ್ತ್ರದಲ್ಲಿ ಚಿರತೆಗೆ ಪ್ಯಾಂಥೆರಾ ಪಾರ್ಡಸ್ ಎಂದು ಹೆಸರು. ಹುಲಿ, ಸಿಂಹಗಳೂ ಇದೇ ಪ್ಯಾಂಥೆರಾ ಕುಲಕ್ಕೆ ಸೇರಿದವು. ಆದರೆ ಗಾತ್ರದಲ್ಲಿ ಚಿರತೆಯು ಹುಲಿಗೆ ಸರಿಸಾಟಿಯೇ ಅಲ್ಲ. ಬೆಳೆದ ಗಂಡು ಹುಲಿ ಇನ್ನೂರು ಕಿಲೋ ತೂಗಬಲ್ಲದು; ನಮ್ಮ ದೇಶದ ಗಂಡು ಚಿರತೆಯ ತೂಕ ಸಾಮಾನ್ಯವಾಗಿ 50ರಿಂದ 70 ಕಿಲೋ, ಹೆಣ್ಣಿನದು 30ರಿಂದ 40 ಕಿಲೋ. ಅಂದರೆ ನಮ್ಮ ಮಲೆನಾಡು ಗಿಡ್ಡ ತಳಿಯ ಬೆಳೆದ ಹಸುವಿಗಿಂತಲೂ ಚಿರತೆ ಹಗುರ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ನಡವಳಿಕೆಯ ಅರ್ಧಭಾಗ ತಾನಾಗಿಯೇ ಅರ್ಥವಾಗುತ್ತದೆ. ಒಂಟಿಯಾಗಿ ಬದುಕುವ ಇಂಥ ಬೇಟೆಗಾರನಿಗೆ ಮೈಗೆ ಗಾಯವಾದರೆ ಉಪವಾಸವೇ ಗತಿ. ಆದ್ದರಿಂದ ಅದು ಸುಲಭವಾಗಿ ಕೆಡವಬಹುದಾದ, ಹತ್ತರಿಂದ ನಲವತ್ತು ಕಿಲೋದೊಳಗಿನ ಪ್ರಾಣಿಯನ್ನೇ ಹೆಚ್ಚಾಗಿ ಆರಿಸುತ್ತದೆ. ಕಾಡಿನಲ್ಲಿ ಆ ತೂಕಕ್ಕೆ ಕಾಡುಕುರಿ, ಜಿಂಕೆ, ಹಂದಿಯ ಮರಿ, ಮುಸಿಯ ಇತ್ಯಾದಿಗಳಿವೆ. ಊರಿನಲ್ಲಿ ಆ ತೂಕಕ್ಕೆ ಇರುವವು ಯಾವುವು? ಕರು, ಮೇಕೆ, ನಾಯಿ. ಹಾಲು ಕರೆಯುವ ಎಮ್ಮೆಯನ್ನು ಚಿರತೆ ಹಿಡಿದ ಪ್ರಸಂಗ ನಮ್ಮ ಹೋಬಳಿಯಲ್ಲಿ ಯಾರಿಗಾದರೂ ನೆನಪಿದೆಯೇ?

ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಮೆಲ್ವಿನ್ ಸನ್‌ಕ್ವಿಸ್ಟ್ ಅವರೊಡನೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಕಾಡಿನೊಳಗೆ ತೋರಿಸಿಕೊಟ್ಟಿತು. ಅಲ್ಲಿ ಹುಲಿಯು ಕಾಟಿ, ಕಡವೆಗಳಂಥ ದೊಡ್ಡ ಪ್ರಾಣಿಗಳನ್ನು ಆರಿಸಿಕೊಂಡರೆ, ಚಿರತೆ ಮತ್ತು ಸೀಳುನಾಯಿಗಳು ಮಧ್ಯಮ ಗಾತ್ರದವುಗಳನ್ನು ಆರಿಸಿಕೊಳ್ಳುತ್ತಿದ್ದವು. ಒಂದೇ ಕಾಡಿನಲ್ಲಿ ಮೂರು ಬೇಟೆಗಾರರು ಬಾಳುವ ಬಗೆ ಇದು. ಹುಲಿಯ ಎದುರಿಗೆ ಚಿರತೆಯದು ಯಾವಾಗಲೂ ತಗ್ಗಿ ನಡೆಯುವ ಬಾಳು. ಹುಲಿ ದಟ್ಟವಾಗಿರುವಲ್ಲಿ ಅದು ಅಂಚಿಗೆ ಸರಿಯುತ್ತದೆ. ಕಾಡಿನ ಅಂಚು ಎಂದರೆ ನಮ್ಮ ಸೊಪ್ಪಿನಬೆಟ್ಟ, ನಮ್ಮ ಬೇಣ, ಅಡಿಕೆ ತೋಟದ ಮೇಲಿನ ಹಾಡಿ.

ಇನ್ನು ಮೈಬಣ್ಣದ ಮಾತು. ತಲೆ, ಕತ್ತು, ಕಾಲುಗಳ ಮೇಲೆ ತುಂಬಿದ ಕಪ್ಪು ಬೊಟ್ಟುಗಳು. ಬೆನ್ನು ಹಾಗೂ ಪಕ್ಕೆಗಳ ಮೇಲೆ ಬೊಟ್ಟುಗಳು ಗುಂಪುಗೂಡಿ ಹೂವಿನ ಆಕಾರದ ಉಂಗುರಗಳಾಗುತ್ತವೆ. ಉಂಗುರದ ನಡುವೆ ಚುಕ್ಕೆಗಳಿದ್ದರೆ ಅದು ಅಮೆರಿಕಾ ಖಂಡದ ಜಾಗ್ವಾರ್. ಚಿರತೆಯ ಉಂಗುರದ ನಡುವೆ ಚುಕ್ಕೆ ಇರುವುದಿಲ್ಲ. ಎಲೆಗಳ ನಡುವಿನಿಂದ ಬಿಸಿಲು ಸೋಸಿ ಬೀಳುವ ನೆಲದ ಮೇಲೆ ಈ ಮೈ ಕರಗಿಹೋಗುತ್ತದೆ. ನಮ್ಮ ಹೆಬ್ಬೆರಳಿನ ಗುರುತಿನಂತೆ ಒಂದು ಚಿರತೆಯ ವಿನ್ಯಾಸ ಇನ್ನೊಂದಕ್ಕಿರುವುದಿಲ್ಲ; ಒಂದೇ ಚಿರತೆಯ ಎಡಬಲ ಪಕ್ಕೆಗಳೂ ಒಂದೇ ತೆರನಲ್ಲ. ಆದ್ದರಿಂದಲೇ ದಾರಿಯ ಎರಡೂ ಬದಿಗೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿ ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸಿ ಎಣಿಸುತ್ತಾರೆ. ‘ಊರ ಸುತ್ತ ಎಂಟು ಚಿರತೆಗಳಿವೆ’ ಎಂದು ಪೇಟೆಯ ಹೋಟೆಲಿನಲ್ಲಿ ಕೇಳಿಬರುವ ಲೆಕ್ಕದಲ್ಲಿ ಈ ಬಗೆಯ ಎಣಿಕೆ ನಡೆದಿರುವುದಿಲ್ಲ. ಒಂದೇ ಚಿರತೆ ಒಂದು ವಾರದಲ್ಲಿ ಎಂಟು ಮಂದಿಗೆ ಕಾಣಿಸಿಕೊಂಡಿರಲೂಬಹುದು.

ಕಪ್ಪು ಚಿರತೆಯೆಂಬುದು ಬೇರೆ ಜಾತಿಯಲ್ಲ. ಬಣ್ಣದ ಒಂದು ಸುಪ್ತ ವಂಶವಾಹಿಯು ತಂದೆ ತಾಯಿ ಇಬ್ಬರಿಂದಲೂ ಮರಿಗೆ ಬಂದಾಗ ಅದು ಕಪ್ಪಾಗಿ ಹುಟ್ಟುತ್ತದೆ; ತಂದೆ ತಾಯಿಗಳಿಬ್ಬರೂ ಚುಕ್ಕೆಯವೇ ಆಗಿರಬಹುದು. ಓರೆ ಬಿಸಿಲು ಬಿದ್ದಾಗ ಆ ಕಪ್ಪಿನೊಳಗೂ ಉಂಗುರಗಳು ಕಾಣುತ್ತವೆ. ಪಶ್ಚಿಮ ಘಟ್ಟದಂಥ ತೇವದ ಕಾಡುಗಳಲ್ಲಿ ಇವು ಒಣಕಾಡಿಗಿಂತ ಹೆಚ್ಚು. ಕಬಿನಿಯ ಹಿನ್ನೀರಿನ ಕಪ್ಪು ಚಿರತೆಯ ಚಿತ್ರವನ್ನು ನೋಡದವರಿಲ್ಲ; ನಮ್ಮ ಉತ್ತರಕ್ಕೆ ದಾಂಡೇಲಿಯ ಕಾಡುಗಳಲ್ಲಿಯೂ ಇವೆ. ಕಪ್ಪು ಚಿರತೆ ಹೆಚ್ಚು ಕ್ರೂರವೆಂಬ ಮಾತಿಗೆ ಆಧಾರವಿಲ್ಲ. ಕಪ್ಪು ಹಸು ಹೆಚ್ಚು ಹಾಯುತ್ತದೆಯೇ?

ಚಿರತೆಯ ಇರವನ್ನು ನಾವು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೂ ನೆಲದಿಂದಲೂ ತಿಳಿಯುತ್ತೇವೆ. ಚಳಿಗಾಲದ ರಾತ್ರಿಗಳಲ್ಲಿ ಒಣಮರವನ್ನು ಗರಗಸದಿಂದ ಕೊಯ್ಯುವಂತೆ ಹಿಂದಕ್ಕೂ ಮುಂದಕ್ಕೂ ಎಳೆಯುವ ಗೊಗ್ಗರು ದನಿ ಕೇಳಿದರೆ ಅದು ಚಿರತೆ ತನ್ನ ಸರಹದ್ದನ್ನು ಸಾರುವ ಅಥವಾ ಜೊತೆಗಾರನನ್ನು ಕರೆಯುವ ಕೂಗು. ಕೂಗುತ್ತಿರುವ ಚಿರತೆ ಬೇಟೆಯಾಡುತ್ತಿಲ್ಲವೆಂಬುದನ್ನು ನೆನಪಿಡುವುದು ಒಳ್ಳೆಯದು. ಬೇಟೆಗೆ ಹೊರಟಾಗ ಅದು ತರಗೆಲೆಯನ್ನೂ ಸದ್ದಾಗದಂತೆ ಮೆಟ್ಟುತ್ತದೆ. ಹೆಜ್ಜೆ ದುಂಡಗೆ, ಏಳೆಂಟು ಸೆಂಟಿಮೀಟರ್ ಅಗಲ; ಅಂಗಾಲಿನ ಗುರುತಿನ ಹಿಂಭಾಗದಲ್ಲಿ ಮೂರು ಉಬ್ಬು. ಉಗುರುಗಳನ್ನು ಒಳಕ್ಕೆ ಎಳೆದುಕೊಂಡು ನಡೆಯುವುದರಿಂದ ಕೆಸರಿನಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ಉಗುರು ಕಂಡರೆ ಅದು ಬಹುಮಟ್ಟಿಗೆ ನಾಯಿಯೇ. ಕರು ಸತ್ತಾಗಲೂ ಇದೇ ಎಚ್ಚರ ಬೇಕು. ಚಿರತೆಯು ಗಂಟಲಿಗೆ ಬಾಯಿ ಹಾಕಿ ಉಸಿರುಗಟ್ಟಿಸಿ ಕೊಲ್ಲುತ್ತದೆ, ಅಲ್ಲಿ ಕೋರೆಹಲ್ಲಿನ ತೂತುಗಳು ಸ್ಪಷ್ಟವಾಗಿರುತ್ತವೆ. ತೊಡೆ, ಕೆಚ್ಚಲು, ಹಿಂಗಾಲುಗಳನ್ನು ಅಲ್ಲಲ್ಲಿ ಹರಿದುಹಾಕಿದ್ದರೆ ಅದು ಬೀದಿನಾಯಿಗಳ ಗುಂಪಿನ ಕೆಲಸವಿರಬಹುದು. ಆ ಪಾಪವೂ ಅನೇಕ ವೇಳೆ ಚಿರತೆಯ ತಲೆಗೇ ಬೀಳುತ್ತದೆ.

ನಾಯಿಯ ಪ್ರಸ್ತಾಪ ಬಂದದ್ದರಿಂದ ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಸಂಗತಿಯನ್ನು ಹೇಳಲೇಬೇಕು. ಅಲ್ಲಿ ಕಾಡೇ ಇಲ್ಲದ ಕಣಿವೆಯೊಂದರಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನರಿರುವೆಡೆ, ಚಿರತೆಗಳು ಬದುಕಿವೆ. ಡಾ. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಎಣಿಸಿ ನೋಡಿದಾಗ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಬೆಳೆದ ಚಿರತೆಗಳಿದ್ದವು. ಅವುಗಳ ಹಿಕ್ಕೆಯನ್ನು ಪರೀಕ್ಷಿಸಿದಾಗ, ತಿಂದ ಆಹಾರದ ತೂಕದಲ್ಲಿ ಶೇಕಡಾ 87ರಷ್ಟು ಸಾಕುಪ್ರಾಣಿಗಳೇ ಎಂದೂ, ಅದರಲ್ಲಿ ನಾಯಿಯೊಂದರ ಪಾಲೇ ಶೇಕಡಾ 39 ಎಂದೂ ಕಂಡುಬಂದಿತು. ಅಷ್ಟಾದರೂ ಅಧ್ಯಯನದ ಕಾಲದಲ್ಲಿ ಅಲ್ಲಿ ಚಿರತೆಯಿಂದ ಜನ ಸತ್ತಿರಲಿಲ್ಲ. ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಘಟ್ಟದ ರಸ್ತೆಯ ಎರಡನೆಯ ತಿರುವು. ಪೇಟೆಯ ಕೋಳಿ ಅಂಗಡಿಗಳ ಪುಕ್ಕ, ಕರುಳು, ಮದುವೆ ಛತ್ರದ ಎಂಜಲು ಎಲ್ಲವನ್ನೂ ರಾತ್ರಿ ತಂದು ಸುರಿಯುವುದು ಅಲ್ಲಿ. ಅಲ್ಲಿ ನಾಯಿಗಳ ಹಿಂಡು ಬೆಳೆದಿದೆ. ನಾಯಿಗಳ ಹಿಂಡು ಇರುವಲ್ಲಿಗೆ ಚಿರತೆ ಬರುತ್ತದೆ. ಆ ತಿರುವಿನಿಂದ ನಮ್ಮೂರಿನ ಮೊದಲ ಮನೆಗೆ ಕೂಗಳತೆ ದೂರ. ಕಾಡು ನಾಶವಾಗಿ ಹಸಿವಿನಿಂದ ಪ್ರಾಣಿ ಊರಿಗೆ ಬಂದಿದೆಯೆಂದು ನಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲರೂ ಬರೆಯುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಚಿರತೆಗೆ ನಮ್ಮೂರು ದಾರಿತಪ್ಪಿ ಬಂದ ಸ್ಥಳವಲ್ಲ. ಅದರ ವಾಸಸ್ಥಳದ ಒಂದು ಭಾಗ.

ಹಾಗಾದರೆ ಹಿಡಿದು ದೂರ ಬಿಟ್ಟರೆ ಏನಾಗುತ್ತದೆ? ಇಲ್ಲಿ ಚಿರತೆಯ ಇನ್ನೊಂದು ಸ್ವಭಾವವನ್ನು ತಿಳಿಯಬೇಕು. ಬೆಳೆದ ಚಿರತೆ ತನ್ನದೇ ಸರಹದ್ದನ್ನು ಕಟ್ಟಿಕೊಂಡು ಬಾಳುತ್ತದೆ. ಮರದ ಕಾಂಡವನ್ನು ಕೆರೆದು, ಪೊದೆಗಳಿಗೆ ಮೂತ್ರ ಸಿಂಪಡಿಸಿ, ದಾರಿಯ ನಡುವೆ ಹಿಕ್ಕೆ ಹಾಕಿ ಅದನ್ನು ಗುರುತು ಮಾಡುತ್ತದೆ. ಒಂದು ಗಂಡಿನ ಸರಹದ್ದಿನೊಳಗೆ ಒಂದಕ್ಕಿಂತ ಹೆಚ್ಚು ಹೆಣ್ಣುಗಳ ನೆಲೆಗಳಿರುವುದುಂಟು. ತಾಯಿಯಿಂದ ಬೇರ್ಪಟ್ಟ ಎಳೆಯ ಗಂಡುಗಳು ಖಾಲಿ ಜಾಗ ಹುಡುಕುತ್ತ ಅಲೆಯುತ್ತಿರುತ್ತವೆ. ನಾವು ಒಂದನ್ನು ಹಿಡಿದು ಒಯ್ದೆವೆಂದರೆ, ಅಂಥವುಗಳಿಗೆ ಜಾಗ ಖಾಲಿ ಇದೆಯೆಂದು ಫಲಕ ತೂಗುಹಾಕಿದಂತೆ. ಹೊಸ ಗಂಡು ಬಂದಾಗ ಹಿಂದಿನದರ ಮರಿಗಳನ್ನು ಕೊಲ್ಲುವುದೂ ಆಫ್ರಿಕಾದಲ್ಲಿ ದಾಖಲಾಗಿದೆ. ಒಯ್ದು ಬಿಟ್ಟ ಚಿರತೆಯ ಪಾಡೇನು? ಅಲ್ಲಿ ಈಗಾಗಲೇ ಬೇರೆ ಚಿರತೆಗಳ ಸರಹದ್ದುಗಳಿವೆ. ಗಾಯಗೊಂಡ, ಮನುಷ್ಯರ ನಡುವೆ ಹಿಂಸೆ ಅನುಭವಿಸಿದ, ಪರಿಚಯವಿಲ್ಲದ ನೆಲದಲ್ಲಿ ಇಳಿಸಲ್ಪಟ್ಟ ಪ್ರಾಣಿ ಒಂದೋ ಮನೆಯ ದಿಕ್ಕಿಗೆ ನಡೆಯುತ್ತದೆ, ಇಲ್ಲವೇ ಹತ್ತಿರದ ಇನ್ನಾವುದೋ ಊರಿನ ಅಂಚು ಸೇರುತ್ತದೆ.

2009ರಲ್ಲಿ ಮಹಾರಾಷ್ಟ್ರದಲ್ಲಿ ಬಾವಿಗೆ ಬಿದ್ದ ಗಂಡು ಚಿರತೆಯೊಂದಕ್ಕೆ ರೇಡಿಯೋ ಪಟ್ಟಿ ತೊಡಿಸಿ ಮಾಳಶೇಜ್ ಘಾಟಿಯಲ್ಲಿ ಬಿಟ್ಟರು. ವಯಸ್ಸಾದದ್ದೆಂದು ಅದಕ್ಕೆ ‘ಆಜೋಬಾ’, ಎಂದರೆ ಅಜ್ಜ, ಎಂದು ಹೆಸರಿಟ್ಟಿದ್ದರು. ಆ ಅಜ್ಜ ಹೆದ್ದಾರಿಗಳನ್ನೂ ರೈಲುಹಳಿಯನ್ನೂ ದಾಟಿ, ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪ್ರದೇಶವನ್ನು ಸೇರಿತು. ಅಷ್ಟು ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲ. 2011ರ ಡಿಸೆಂಬರಿನಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು.

ಎಲ್ಲ ಚಿರತೆಗಳೂ ಆಜೋಬಾನಂತೆ ಸಾಧುವಾಗಿರುವುದಿಲ್ಲ. ಅದೇ ರಾಜ್ಯದ ಜುನ್ನರ್ ಪ್ರದೇಶದಲ್ಲಿ 2001ರಿಂದ ಮೂರು ವರ್ಷಗಳ ಕಾಲ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳನ್ನು ಹಿಡಿದು ಹಿಡಿದು ಕಾಡಿಗೆ ಬಿಡಲಾಯಿತು. ಅಲ್ಲಿಯವರೆಗೆ ವರ್ಷಕ್ಕೆ ಸರಾಸರಿ 4 ಮಂದಿಯ ಮೇಲೆ ಆಗುತ್ತಿದ್ದ ಆಕ್ರಮಣವು 17ಕ್ಕೆ ಏರಿತು. ಆಕ್ರಮಣಕ್ಕೊಳಗಾದವರಲ್ಲಿ ಸಾಯುವವರ ಪ್ರಮಾಣವೂ ಇಮ್ಮಡಿಯಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುತ್ತಿದ್ದಾಗ ನನಗೆ ನಮ್ಮೂರಿನ ಲಾರಿಯ ನೆನಪಾಗಿ, ಅದು ಯಾವ ಊರಿನ ಅಂಚಿನಲ್ಲಿ ನಿಂತಿತೋ, ಅಲ್ಲಿಯ ಮಕ್ಕಳು ಶಾಲೆಗೆ ಯಾವ ದಾರಿಯಲ್ಲಿ ನಡೆಯುತ್ತಿದ್ದರೋ ಎಂದು ಬಹಳ ದಿನ ಮನಸ್ಸು ಕುಟುಕಿತು. ನಮ್ಮ ಊರಿನ ಭಯವನ್ನು ಇನ್ನೊಂದು ಊರಿಗೆ ರವಾನಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಕೇಂದ್ರ ಪರಿಸರ ಸಚಿವಾಲಯವು 2011ರಲ್ಲಿಯೇ ಹೊರಡಿಸಿದ ಮಾರ್ಗಸೂಚಿಯೂ, ಚಿರತೆ ಕಾಣಿಸಿತೆಂಬ ಕಾರಣಕ್ಕೆ ಹಿಡಿಯಬಾರದು, ದೂರಕ್ಕೆ ಸಾಗಿಸಬಾರದು ಎಂದೇ ಹೇಳುತ್ತದೆ. ಆದರೆ ಮನವಿಪತ್ರದ ಭಾರ, ಪತ್ರಿಕೆಯ ಸುದ್ದಿ, ಮುಖಂಡರ ದೂರವಾಣಿ ಕರೆ ಇವುಗಳ ಮುಂದೆ ಮಾರ್ಗಸೂಚಿ ಕಡತದೊಳಗೇ ಉಳಿದುಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮರೆಮಾಚಿದರೆ ಅಪ್ರಾಮಾಣಿಕತೆಯಾದೀತು. ಚಿರತೆ ಮನುಷ್ಯರನ್ನು ಕೊಲ್ಲುತ್ತದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು. ಅವರಲ್ಲಿ ಹನ್ನೊಂದು ವರ್ಷದ ಬಾಲಕನೂ ಇದ್ದ. ಅಂಥ ಪ್ರಾಣಿಯನ್ನು ಹಿಡಿಯಲೇಬೇಕು, ಹಿಡಿಯಲಾಗದಿದ್ದರೆ ಕೊಲ್ಲಲೂಬೇಕಾದೀತು. ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ನೀಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೇ ಅವಕಾಶವಿದೆ. ಆ ಮನೆಗಳ ಮುಂದೆ ನಿಂತು ಚಿರತೆಯ ಸೌಂದರ್ಯವನ್ನು ವರ್ಣಿಸುವ ಧೈರ್ಯ ನಮಗಿಲ್ಲ. ಆದರೆ ಕರುವನ್ನು ಒಯ್ದ ಚಿರತೆಯೂ ಮನುಷ್ಯನನ್ನು ಬೇಟೆಯೆಂದು ಕಾಣತೊಡಗಿದ ಚಿರತೆಯೂ ಒಂದೇ ಅಲ್ಲ. ಮೊದಲನೆಯದನ್ನು ಕಂಡಕಂಡಲ್ಲಿ ಹಿಡಿದು ಸಾಗಿಸುತ್ತ ಹೋದರೆ ಎರಡನೆಯದು ಹುಟ್ಟುವ ಸಂಭವ ಹೆಚ್ಚುತ್ತದೆಯೆಂಬುದನ್ನೇ ಜುನ್ನರ್ ತೋರಿಸಿದ್ದು.

ಹಗಲಿನಲ್ಲಿ ಚಿರತೆ ಸಿಕ್ಕಿಬಿದ್ದಾಗ ಸುತ್ತ ನೆರೆಯುವ ಜನಜಂಗುಳಿಯ ವಿಷಯವೂ ಇಲ್ಲಿಯೇ ಬರುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಹೊಕ್ಕ ಚಿರತೆಯ ದೃಶ್ಯಗಳನ್ನು ಎಲ್ಲರೂ ನೋಡಿದ್ದೇವೆ. ನಾಲ್ಕೂ ಕಡೆಯಿಂದ ಗದ್ದಲ ಎದ್ದಾಗ ಚಿರತೆಗೆ ತಪ್ಪಿಸಿಕೊಳ್ಳುವ ದಾರಿ ಮನುಷ್ಯರ ಮೇಲಿನಿಂದಲೇ ಹಾಯುತ್ತದೆ. ಅದನ್ನು ಇರುವಲ್ಲಿಯೇ ಬಿಟ್ಟು, ಜನರನ್ನು ದೂರ ಸರಿಸಿ, ಕತ್ತಲಾಗುವವರೆಗೆ ಕಾದರೆ ಬಹುಪಾಲು ಸಂದರ್ಭಗಳಲ್ಲಿ ಅದು ತಾನಾಗಿ ಜಾರಿಕೊಳ್ಳುತ್ತದೆ.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಚಿರತೆಯಿಂದ ನಮಗಾಗುವ ಹಾನಿಯ ಲೆಕ್ಕ ನಮ್ಮ ಬಾಯಲ್ಲಿದೆ. ನಮ್ಮಿಂದ ಅದಕ್ಕಾಗುವ ಹಾನಿಯ ಲೆಕ್ಕ ತೋಟದ ಬೇಲಿಯಲ್ಲಿದೆ. ಬೈಕಿನ ಹಳೆಯ ಕ್ಲಚ್ ವಯರನ್ನು ಕುಣಿಕೆ ಮಾಡಿ ಹಂದಿಗೆಂದು ಬೇಲಿಯ ಗಂಡಿಯಲ್ಲಿ ಕಟ್ಟುವ ಉರುಳಿಗೆ ಹಂದಿಯೂ ಒಂದೇ, ಚಿರತೆಯೂ ಒಂದೇ. ಸೊಂಟಕ್ಕೆ ಉರುಳು ಬಿದ್ದ ಚಿರತೆ ಎಳೆದಷ್ಟೂ ತಂತಿ ಮಾಂಸದೊಳಕ್ಕೆ ಇಳಿಯುತ್ತದೆ. ಬಿಡಿಸಿದರೂ ಒಳಗಿನ ಅಂಗಗಳು ಹಾಳಾಗಿ ಅನಂತರ ಸಾಯುತ್ತದೆ. 2009ರಿಂದ 2020ರವರೆಗಿನ ಅವಧಿಯಲ್ಲಿ ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಚಿರತೆಗಳು ಉರುಳಿಗೆ ಸಿಕ್ಕವೆಂದೂ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವೆಂದೂ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಸಂಗ್ರಹಿಸಿದ ಮಾಹಿತಿ ಹೇಳುತ್ತದೆ. ಹೆಚ್ಚಿನವು ಕಾಡಿನೊಳಗಲ್ಲ, ನಮ್ಮ ಹೊಲತೋಟಗಳ ಬೇಲಿಗಳಲ್ಲಿ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಬಿಡುವುದು, ಕರುವಿನ ಕಳೇಬರಕ್ಕೆ ಬಾಳೆಗೆ ಹಾಕುವ ಹರಳು ಕೀಟನಾಶಕವನ್ನು ಬೆರೆಸಿಡುವುದು ಇವೂ ನಡೆಯುತ್ತಿವೆ. ಆ ಹರಳು ಯಾವುದೆಂದು, ಎಷ್ಟು ಪ್ರಬಲವೆಂದು ರೈತರಿಗೆ ಕಲಿಸಿದವರು ನಮ್ಮಂಥ ಕೃಷಿ ವಿಜ್ಞಾನಿಗಳೇ ಎಂಬುದನ್ನು ತಲೆತಗ್ಗಿಸಿ ಒಪ್ಪುತ್ತೇನೆ.

ಚಿರತೆ ಉಳಿದರೆ ಹಂದಿಯ ಕಾಟ ನಿಂತುಹೋಗುತ್ತದೆಯೆಂದು ನಮ್ಮ ಗೆಳೆಯರು ಕೆಲವರು ಭಾಷಣದಲ್ಲಿ ಹೇಳುವುದುಂಟು. ಅದು ಅತಿಶಯೋಕ್ತಿ. ಚಿರತೆ ಹಂದಿಯ ಮರಿಗಳನ್ನು ಹಿಡಿಯುತ್ತದೆ, ಮಂಗಗಳನ್ನು ಹಿಡಿಯುತ್ತದೆ. ಬೆಳೆದ ಒಂಟಿ ಹಂದಿಯ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಅದು ಇದ್ದರೆ ಹಂದಿ ಮಂಗಗಳ ಮೇಲೆ ಒಂದಿಷ್ಟು ಹಿಡಿತವಿರಬಹುದು, ಅಷ್ಟನ್ನೇ ಹೇಳಬೇಕು. ಹೆಚ್ಚು ಹೇಳಿದರೆ ನಾಳೆ ಹಂದಿ ಗದ್ದೆ ಹೊಕ್ಕಾಗ ರೈತರು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಹಾಗೆಯೇ ಚಿರತೆ ಇನ್ನೇನು ಅಳಿದೇಹೋಯಿತೆಂದು ಗೋಳಿಡುವುದೂ ಸರಿಯಲ್ಲ. 2022ರ ಅಂದಾಜಿನಂತೆ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆ; ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು. ಅದೂ ಮುಖ್ಯವಾಗಿ ಹುಲಿಯಿರುವ ಕಾಡುಗಳ ಎಣಿಕೆ. ನಮ್ಮ ತೋಟದಂಚಿನವು ಅದರಲ್ಲಿ ಬಹುಮಟ್ಟಿಗೆ ಸೇರಿಲ್ಲ.

ಹಾಗಾದರೆ ಬೋನಿನ ಬದಲು ಏನು? ನಮ್ಮೂರಿನಲ್ಲಿ ಈ ಸಲ ಹೋದ ಎರಡು ಕರುಗಳ ಸ್ಥಳವನ್ನು ನಾವು ಹೋಗಿ ನೋಡಿದೆವು. ಒಂದನ್ನು ಮನೆಯ ಹಿತ್ತಲಿನಲ್ಲಿ ಹಲಸಿನ ಮರಕ್ಕೆ ಕಟ್ಟಲಾಗಿತ್ತು. ಇನ್ನೊಂದು ಕೊಟ್ಟಿಗೆಯಲ್ಲೇ ಇತ್ತು, ಆದರೆ ಕೊಟ್ಟಿಗೆಗೆ ಬಾಗಿಲೆಂಬುದು ಇರಲಿಲ್ಲ. ಎರಡು ಅಡಿಕೆ ದಬ್ಬೆಗಳನ್ನು ಅಡ್ಡ ಇಟ್ಟಿದ್ದರು. ಗೋಡೆಗೂ ಹೆಂಚಿನ ಮಾಡಿಗೂ ನಡುವೆ ಮೂರಡಿ ಬಯಲು. ನಲವತ್ತು ಕಿಲೋದ, ಮರ ಹತ್ತುವ ಪ್ರಾಣಿಗೆ ಅಷ್ಟು ಜಾಗ ರಾಜಬೀದಿ. ಗಟ್ಟಿ ಬಾಗಿಲು, ಗೋಡೆಯ ಮೇಲಿನ ತೆರಪಿಗೆ ದಪ್ಪ ತಂತಿಯ ಜಾಲರಿ ಇವಿಷ್ಟನ್ನು ಮಾಡಿಸಿದ ಕೊಟ್ಟಿಗೆಗಳಿಂದ ನಮ್ಮ ಹೋಬಳಿಯಲ್ಲಿ ನಾವು ಬಲ್ಲಂತೆ ಒಂದು ಕರುವೂ ಹೋಗಿಲ್ಲ. ನಾಯಿಯನ್ನೂ ರಾತ್ರಿ ಒಳಗೆ ಕಟ್ಟಬೇಕು. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕತ್ತಿಗೆ ಕಬ್ಬಿಣದ ಮುಳ್ಳುಪಟ್ಟಿ ತೊಡಿಸುವುದು ಚಿರತೆಗೆ ಹೆದರಿಯೇ. ಮಬ್ಬುಗತ್ತಲಲ್ಲಿ ಚಿಕ್ಕ ಮಕ್ಕಳು ಒಂಟಿಯಾಗಿ ಪೊದೆಯ ಬಳಿ ಕೂರದಂತೆ ನೋಡಿಕೊಳ್ಳಬೇಕು. ನಿಂತ ಮನುಷ್ಯನಿಗೆ ಹಿಂಜರಿಯುವ ಚಿರತೆಗೆ ಕುಳಿತವರು, ಬಗ್ಗಿದವರು ಬೇರೆ ಪ್ರಾಣಿಯಂತೆ ಕಾಣಬಹುದು. ದಾರಿಯಲ್ಲಿ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು. ನಿಂತು, ಅದಕ್ಕೆ ದಾರಿ ಕೊಟ್ಟು, ನಿಧಾನವಾಗಿ ಹಿಂದೆ ಸರಿಯಬೇಕು. ಮರಿಗಳು ಕಂಡರೆ ಮುಟ್ಟದೆ ಬರಬೇಕು. ಜುನ್ನರಿನ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಮರಿಗಳನ್ನು ಸಿಕ್ಕಲ್ಲಿಯೇ ತಿರುಗಿ ಇರಿಸಿದಾಗ ತಾಯಂದಿರು ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ದದ್ದನ್ನು ಎಷ್ಟೋ ಸಲ ದಾಖಲಿಸಿದ್ದಾರೆ. ತಾಯಿಯೊಡನೆ ಅವು ಒಂದೂವರೆ ವರ್ಷದವರೆಗೂ ಇದ್ದು ಬೇಟೆ ಕಲಿಯುತ್ತವೆ. ನಾನು ಬರೆದ ಮನವಿಯಿಂದಾಗಿ ಬಂಡೆಯ ಸಂದಿನಲ್ಲಿ ಸತ್ತವಕ್ಕೆ ಆ ಅವಕಾಶ ಸಿಗಲಿಲ್ಲ.

ಪರಿಹಾರದ ಹಣದ ವಿಷಯದಲ್ಲಿ ಊರವರ ಸಿಟ್ಟು ನ್ಯಾಯವಾದದ್ದು. ಕಳೇಬರವನ್ನು ಸ್ಥಳದಿಂದ ಕದಲಿಸದೆ ಚಿತ್ರ ತೆಗೆದು, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರ ವರದಿ ಪಡೆದು ಅರ್ಜಿ ಸಲ್ಲಿಸಿದರೂ ಹಣ ಕೈಸೇರುವ ಹೊತ್ತಿಗೆ ಮುಂದಿನ ಕರು ಗಬ್ಬವಾಗಿರುತ್ತದೆ. ಬೋನಿಗಾಗಿ ಬರೆಯುವ ಮನವಿಯ ಬದಲು ಇದಕ್ಕಾಗಿ ಅರವತ್ತು ಸಹಿ ಸೇರಿಸಿದರೆ ನಮ್ಮ ಬಳಗದ ಸಹಿ ಮೊದಲನೆಯದಾಗಿರುತ್ತದೆ. ಘಟ್ಟದ ತಿರುವಿನ ಕೋಳಿ ತ್ಯಾಜ್ಯದ ಬಗ್ಗೆ ಗ್ರಾಮ ಪಂಚಾಯಿತಿಗೆ ಬರೆಯುವ ಅರ್ಜಿಯ ಕರಡು ಸಿದ್ಧವಾಗಿದೆ. ಪದವಿ ಕಾಲೇಜಿನ ವಿದ್ಯಾರ್ಥಿಗಳು ಹದಿನೈದು ದಿನಗಳ ಚಿತ್ರಗಳನ್ನು ತೆಗೆದುಕೊಟ್ಟಿದ್ದಾರೆ. ತೋಟದ ಬೇಲಿಗಳ ಉರುಳುಗಳನ್ನು ಹುಡುಕಿ ತೆಗೆಯುವ ಕೆಲಸ ಬರುವ ಭಾನುವಾರ ಶಾಲೆಯ ಬಯಲಿನಿಂದ ಆರಂಭ. ಬರುವವರು ಕತ್ತಿಯ ಜೊತೆಗೆ ತಂತಿ ಕತ್ತರಿಸುವ ಇಕ್ಕಳವನ್ನೂ ತರಬೇಕು. ಮೊದಲು ನೋಡುವುದು ನಮ್ಮ ಮನೆಯ ಬೇಲಿಯನ್ನೇ.

ಮನವಿಪತ್ರವನ್ನು ಹಿಂದಿರುಗಿಸಲು ಎರಡನೆಯ ಕರುವನ್ನು ಕಳೆದುಕೊಂಡ ಅಮ್ಮನ ಮನೆಗೆ ಹೋಗಿದ್ದೆವು. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ನಾವು ಹೇಳಿದ್ದನ್ನೆಲ್ಲ ಜಗುಲಿಯ ಮೇಲೆ ಕುಳಿತು ಕೇಳಿದರು. ಜುನ್ನರಿನ ಕಥೆಗೂ ಆಜೋಬಾನ ಕಥೆಗೂ ಹೂಂಗುಟ್ಟಿದರು. ಕೊನೆಗೆ ಎದ್ದು, ‘ಅದೆಲ್ಲ ಸರಿ ಮಾರಾಯ, ನೀನು ಸಹಿ ಹಾಕದಿದ್ರೆ ಬಿಡು. ಈ ಕೊಟ್ಟಿಗೆಗೊಂದು ಬಾಗಿಲು ಯಾವಾಗ ಮಾಡಿಸಿಕೊಡ್ತೀಯ ಹೇಳು’ ಎಂದರು. ಅಳತೆ ತೆಗೆದುಕೊಂಡು ಬಂದಿದ್ದೇವೆ. ಅಗಲ ಮೂರೂವರೆ ಅಡಿ, ಎತ್ತರ ಐದು. ಹಳೆಯ ಹಲಸಿನ ಹಲಗೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಶನಿವಾರದೊಳಗೆ ಬಳಗಕ್ಕೆ ತಿಳಿಸುವುದು; ಬಡಗಿಗೆ ಹೇಳಿಯಾಗಿದೆ.